ಗದ್ದ ಕಟ್ಟಿದ ಬೇಸಿಗೆ

ಹೋದ ತಿಂಗಳು ದೇವದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಸೊಸೆ ತೀರಿಕೊಂಡಳು. ನಾನು ರಾಯಚೂರಿನಿಂದ ಬಸ್ ಹಿಡಿದು ಹೋಗುವಷ್ಟರಲ್ಲಿ ಹೆಣವನ್ನು ಗೋಡೆಗೆ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗೋಡೆಯ ಗೂಟದಿಂದ ಎದೆಗೆ ಒಂದು ಸುತ್ತು ಬಟ್ಟೆ, ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಬಂದವರು ಸತ್ತವರ ಮುಖಕ್ಕೆ ಮುಖ ಕೊಟ್ಟು ಕೂತು ಅಳಬೇಕು. ಆದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗದ್ದ ಕಟ್ಟಲು ಬರುತ್ತಿರಲಿಲ್ಲ. ಹೆಣ ಬಾಯಿ ತೆರೆದುಕೊಂಡು, ಯಾರನ್ನೋ ಕೂಗುವವಳ ಹಾಗೆ ಕೂತಿತ್ತು.

"ಯವ್ವಾ, ನೀನೇ ಕಟ್ಟು ಬಾರಬೇ. ನಮಗ ಅಂಜಿಕಿ ಬರತೈತಿ," ಎಂದರು.

ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಮಾಡಿದೆ. ಗದ್ದದ ಕೆಳಗೆ ಕೊಟ್ಟು ನೆತ್ತಿಯ ಮೇಲೆ ಗಂಟು ಹಾಕಬೇಕು. ವಿಭೂತಿ ಮತ್ತು ಬಿಸಿಲಿಗೆ ಬಾಡಿದ ಹೂವಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ನನ್ನ ಕೈ ನಿಂತಿತು. ಸಾವಿರ ಗಂಟು ಹಾಕಿದ ಕೈ ಅದು. ನಲವತ್ತು ವರ್ಷದ ಮೇಲಾಯಿತು, ಪ್ರತಿ ಸಲ ಆ ಗಂಟಿಗೆ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ. ನಿಲ್ಲುವುದಕ್ಕೆ ಕಾರಣ ಒಬ್ಬ ದೊರಸಾನಿ.

ನಾನು ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಆ ದೊರಸಾನಿಯ ಹೆಸರು ಮಾತ್ರ ಬರೆಯುವುದಿಲ್ಲ. ಯಾಕೆಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಎಪ್ಪತ್ತರ ದಶಕ ಮುಗಿಯಲು ಒಂದೆರಡು ವರ್ಷ ಇತ್ತು. ನಾವಾಗ ದೇವದುರ್ಗದಲ್ಲೇ ಇದ್ದೆವು. ಗಂಡ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ನಾನು ಹೊಲದ ಕೂಲಿಗೆ ಹೋಗುತ್ತಿದ್ದೆ. ಓಣಿಯಲ್ಲಿ ಹೆಂಗಸರು ಯಾರಾದರೂ ಸತ್ತರೆ ನನ್ನನ್ನು ಕರೆಯುತ್ತಿದ್ದರು. ಮೈ ತೊಳೆಯುವುದು, ಕೂರಿಸುವುದು, ಗದ್ದ ಕಟ್ಟುವುದು, ಅಳುವುದು. ಅಳುವುದೆಂದರೆ ಕಣ್ಣೀರು ಹಾಕುವುದಲ್ಲ, ಅದು ಯಾರಿಗಾದರೂ ಬರುತ್ತದೆ. ಸತ್ತವಳು ಎಲ್ಲಿ ಹುಟ್ಟಿದಳು, ಯಾರ ಮನೆ ತುಂಬಿದಳು, ಯಾವುದಕ್ಕೆ ನಕ್ಕಳು, ಯಾರ ಜತೆ ಜಗಳ ಆಡಿದಳು, ಎಲ್ಲವನ್ನೂ ರಾಗ ಮಾಡಿ ಅವಳಿಗೇ ಹೇಳಬೇಕು. ಹೇಳಿ ಮುಗಿದ ಮೇಲೆ ಕಡೆಗೆ ಒಂದು ಮಾತು ಇರುತ್ತದೆ. ಅದಕ್ಕೆ ನಾವು ಕಳಿಸೋ ಮಾತು ಅನ್ನುತ್ತೇವೆ. "ಈ ಮನಿ ನೀರು ತೀರಿತು, ಹಿಂದಕ್ಕ ನೋಡದ ನಡಿ." ಅದನ್ನು ಹೇಳಿದ ಮೇಲೆಯೇ ಹೆಣ ಎತ್ತುವುದು.

ಬೇಸಿಗೆಯ ನಡುವೆ ದೊರಸಾನಿ ಬಂದಳು. ಫ್ರಾನ್ಸ್ ದೇಶದವಳು. ಜತೆಗೆ ಅವಳ ದೇಶದ ಮೂವರು ಗಂಡಸರು, ಒಬ್ಬನ ಹತ್ತಿರ ಕ್ಯಾಮೆರಾ, ಒಬ್ಬನ ಹತ್ತಿರ ದನಿ ಹಿಡಿಯುವ ಯಂತ್ರ, ಇನ್ನೊಬ್ಬ ಸಾಮಾನು ಹೊರುವವನು. ರಾಯಚೂರಿನ ಲಾಡ್ಜಿನಲ್ಲಿ ಇಳಿದುಕೊಂಡು ದಿನಾ ಜೀಪಿನಲ್ಲಿ ಬರುತ್ತಿದ್ದರು. ಮಾತು ದಾಟಿಸಲು ರಾಯಚೂರಿನ ಶಹನಾಜ್ ಟೀಚರ್ ಇದ್ದಳು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಹೆಂಗಸು.

"ಈರಮ್ಮಾ, ಈಕಿ ಸಿನಿಮಾದಾಗ ಹೀರೋಯಿನ್ ಇದ್ದಾಕಿ. ಈಗ ತಾನೇ ಸಿನಿಮಾ ತೆಗೀತಾಳ," ಎಂದಳು ಟೀಚರ್. "ಪರದೇಶಿ ಹೆಂಗಸು ಒಬ್ಬಾಕಿ ಗುರುತಿಲ್ಲದ ಊರಾಗ ಸಾಯ್ತಾಳ. ಊರಿನವರು ತಮ್ಮಾಕಿ ಅಂತ ತಿಳಕೊಂಡು ಅಳತಾರ. ಅದು ಕಥಿ. ನೀನು ಅಳಬೇಕು."

"ಹೆಣ ಯಾರು?"

"ಈಕಿನೇ."

ನಾನು ಆಕೆಯನ್ನು ನೋಡಿದೆ. ಐವತ್ತರ ಹತ್ತಿರದ ವಯಸ್ಸು. ಕತ್ತರಿಸಿದ ಕೂದಲು, ಒಣಗಿದ ಮುಖ, ನೀರಿನ ಬಣ್ಣದ ಕಣ್ಣು. ಕಣ್ಣು ಮಿಟುಕಿಸುವುದು ಕಡಿಮೆ.

"ಆಗಲ್ಲ ಅನ್ರಿ. ಉಸಿರಾಡೋರಿಗೆ ನಾನು ಅಳಲ್ಲ."

ಟೀಚರ್ ಇಂಗ್ಲಿಷಿನಲ್ಲಿ ಹೇಳಿದಳು. ದೊರಸಾನಿ ನಕ್ಕು ಏನೋ ಅಂದಳು. "ಉಸಿರು ಬಿಗಿ ಹಿಡೀತೀನಿ ಅಂತಾಳ," ಎಂದಳು ಟೀಚರ್.

ಮರುದಿನ ಮಾನ್ವಿಗೆ ಹೋಗಿ ನಮ್ಮವ್ವನನ್ನು ಕೇಳಿದೆ. ಈ ಕೆಲಸ ಕಲಿಸಿದವಳು ಅವಳೇ. ಅಕ್ಕಿ ಹಸನು ಮಾಡುತ್ತ ಕೂತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

"ಅಳಬೇ, ಅದಕ್ಕೇನು. ಮದಿವ್ಯಾಗ ಮಗಳಿಗೆ ಅಳಲ್ಲೇನು? ಕಳಿಸೋ ಮಾತು ಒಂದು ಹೇಳಬ್ಯಾಡ."

"ಬಾಯಿ ತಪ್ಪಿ ಹೇಳಿದ್ರ?"

"ಹೇಳಿದ್ರ ಸತ್ತಂಗ. ಮತ್ತ ಹುಟ್ಟಿಸಬೇಕು. ತೊಟ್ಟಿಲು ಕಟ್ಟಿ ಬ್ಯಾರೆ ಹೆಸರಿಡಬೇಕು. ಹಳೀ ಹೆಸರಿನಿಂದ ಯಾರೂ ಕರೀಬಾರದು."

"ಕರದ್ರ?"

ಅವ್ವ ಆಗ ತಲೆ ಎತ್ತಿದಳು. "ಕರದ್ರ ಸತ್ತಾಕಿ ಓ ಅಂತಾಳ."

ನಾನು ಹಿಂದಿರುಗಿ ಬಂದು ಕರಾರು ಹಾಕಿದೆ. ಎಲ್ಲಾ ಅಳುತ್ತೇನೆ, ಕಡೆಯ ಮಾತು ಹೇಳುವುದಿಲ್ಲ. ಆ ಮಾತು ಏನೆಂದು ದೊರಸಾನಿ ಕೇಳಿದಳು. ಟೀಚರ್ ಹೇಳಿದಳು. ದೊರಸಾನಿ, ಅದಿಲ್ಲದೆ ಅಳು ಅರ್ಧ ಆಗುತ್ತದೆ ಎಂದಳು. ಅರ್ಧವೇ ತೆಗೆದುಕೊಳ್ಳಲಿ ಎಂದೆ. ಒಪ್ಪಿದಳು.

ಈಗ ಅವಳ ಬಾಳು ನನಗೆ ಗೊತ್ತಾಗಬೇಕಿತ್ತು. ನಾಲ್ಕು ದಿನ ಮಧ್ಯಾಹ್ನ ನನ್ನ ಪಡಸಾಲೆಯಲ್ಲಿ ಕೂತು ಹೇಳಿದಳು. ಹೊರಗೆ ರಾಯಚೂರು ಸೀಮೆಯ ಬಿಸಿಲು. ಬೀದಿಯಲ್ಲಿ ನಾಯಿ ಕೂಡ ಇರುತ್ತಿರಲಿಲ್ಲ. ನಾನು ಜೋಳ ಬೀಸುತ್ತಿದ್ದೆ, ಅವಳು ಹೇಳುತ್ತಿದ್ದಳು, ನಡುವೆ ಟೀಚರ್ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ಮಾತು ದಾಟಿಸುತ್ತಿದ್ದಳು.

ಹುಟ್ಟಿದ್ದು ಸಮುದ್ರದ ದಂಡೆಯ ಒಂದು ಚಳಿ ಊರು. ಅಪ್ಪ ಯಾರೆಂದು ತಿಳಿಯದು. ತಾಯಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಯುದ್ಧ ಬಂದಾಗ ಮಕ್ಕಳನ್ನೆಲ್ಲ ದೂರದ ಹಳ್ಳಿಗೆ ಕಳಿಸಿದರು. ಇವಳಿಗಾಗ ಒಂಬತ್ತು ವರ್ಷ. ತಿರುಗಿ ಬಂದಾಗ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಮುಖ ನೋಡಲಿಲ್ಲ. ಯಾರೂ ಅತ್ತಿರಲಿಲ್ಲ, ಅಳುವುದಕ್ಕೆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಹದಿನೇಳಕ್ಕೆ ಪಟ್ಟಣಕ್ಕೆ ಹೋಗಿ ನಾಟಕದ ಕಂಪನಿಯಲ್ಲಿ ಕಸ ಹೊಡೆದಳು. ಒಂದು ಸಿನಿಮಾದವರಿಗೆ ಹೊಳೆಯಲ್ಲಿ ಮುಳುಗಿ ಸತ್ತ ಹುಡುಗಿ ಬೇಕಾಗಿತ್ತು. ಬಂದ ಹುಡುಗಿಯರೆಲ್ಲ ತಣ್ಣೀರಿನಲ್ಲಿ ನಡುಗಿದರಂತೆ, ಇವಳು ನಡುಗಲಿಲ್ಲ. ಅದೇ ಮೊದಲ ಪಾತ್ರ. ಆಮೇಲೆ ದೊಡ್ಡ ಹೀರೋಯಿನ್ ಆದಳು, ಗೋಡೆಗೋಡೆಗೆ ಅವಳ ಮುಖ ಹಚ್ಚಿದರು. ಆದರೆ ಎಲ್ಲದರಲ್ಲೂ ಕಡೆಗೆ ಸಾಯಬೇಕು. ವಿಷ ಕುಡಿದು, ರೈಲಿಗೆ ಬಿದ್ದು, ಗುಂಡು ತಿಂದು, ಕ್ಷಯ ಬಂದು. ಜನ ಅವಳು ಸಾಯುವುದನ್ನು ನೋಡಲಿಕ್ಕೇ ಬರುತ್ತಿದ್ದರಂತೆ.

"ಸತ್ತು ಪಗಾರ ತಗೊಳ್ಳೋದು ಚಲೋ ಕೆಲಸ," ಎಂದೆ. "ನಮಗ ಬದುಕಿದ್ರೂ ಕೊಡಂಗಿಲ್ಲ."

ಟೀಚರ್ ಹೇಳಿದಾಗ ದೊರಸಾನಿ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ಹೇಳಿದಳು: ಅಷ್ಟು ಸಲ ಸತ್ತರೂ ಒಂದು ಸಲವೂ ನನಗಾಗಿ ಯಾರೂ ಅಳಲಿಲ್ಲ. ನಾನು ಕಣ್ಣು ಮುಚ್ಚಿದ ಕೂಡಲೇ ಪಿಟೀಲು ಬಾರಿಸುತ್ತಿದ್ದರು.

ನಲವತ್ತು ದಾಟಿದ ಮೇಲೆ ಕರೆಯುವುದು ನಿಂತಿತು. ಸಾಯಲಿಕ್ಕೂ ಹರೆಯ ಬೇಕು ಅಲ್ಲಿ. ಇದ್ದ ಮನೆ ಮಾರಿ ಕ್ಯಾಮೆರಾ ಹಿಡಿದವರನ್ನು ಕರೆದುಕೊಂಡು ತಾನೇ ಸಿನಿಮಾ ತೆಗೆದಳು. ಮೊದಲನೆಯದಕ್ಕೆ ನಕ್ಕರು. ಎರಡನೆಯದನ್ನು ಹೊಗಳಿದರು. ಇದು ಮೂರನೆಯದು.

"ಆಕಿಗೆ ಏನು ಕರೀಲಿ?" ಎಂದು ಟೀಚರನ್ನು ಕೇಳಿದೆ. ಸತ್ತವರನ್ನು ಹೆಸರು ಹಿಡಿದು ಅಳುವುದಿಲ್ಲ. ಅವ್ವಾ, ಅತ್ತಿ, ತಂಗಿ, ಏನಾದರೂ ಆಗಬೇಕು. ಏನೂ ಆಗದವಳಿಗೆ ಅಳುವುದೆಂದರೆ ನಾಯಿ ಊಳಿಟ್ಟ ಹಾಗೆ.

"ಯಕ್ಕಾ ಅನ್ನು," ಎಂದಳು ಟೀಚರ್.

ಯಕ್ಕಾ ಎಂದು ಒಂದು ಸಲ ಕರೆದು ನೋಡಿದೆ. ದೊರಸಾನಿ ತಿರುಗಿ ನೋಡಿದಳು. ಹೆಣಕ್ಕೆ ಇಟ್ಟ ಕರೆಗೆ ಬದುಕಿದವಳು ಓಗೊಟ್ಟಿದ್ದಳು, ಆದರೆ ನಾನು ಆಗಲೇ ಹೂಂ ಅಂದಾಗಿತ್ತು.

ಅಳುವ ದಿನ ಕೋಟೆಯ ಹತ್ತಿರದ ಹಳೆಯ ಮಾಳಿಗೆ ಮನೆಯೊಂದನ್ನು ಹಿಡಿದಿದ್ದರು. ಯಾರೂ ವಾಸವಿಲ್ಲದ ಮನೆ. ಮೇಲೆ ಬೆಳಕಿಂಡಿ, ಅದರಿಂದ ಬಿಸಿಲು ಒಂದು ಕಂಬದ ಹಾಗೆ ನೆಟ್ಟಗೆ ಇಳಿದು ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಅಲ್ಲೇ ಆಕೆಯನ್ನು ಕೂರಿಸಬೇಕು. ದೊರಸಾನಿ ಎಲ್ಲರಿಗೂ ಒಂದೇ ಮಾತು ಹೇಳಿದಳು: ನಾನು "ಕಟ್" ಅನ್ನುವವರೆಗೆ ಯಾರೂ ನಿಲ್ಲಿಸಬಾರದು. ಕ್ಯಾಮೆರಾದವನಿಗೆ ಎರಡು ಸಲ ಹೇಳಿಸಿದಳು. ನನಗೂ ಹೇಳಿಸಿದಳು.

ಆಮೇಲೆ ನನ್ನ ಕೈಗೆ ಬಂದಳು. ಬಿಳಿ ಸೀರೆ ಸುತ್ತಿದೆ. ಮಣೆಯ ಮೇಲೆ ಕೂರಿಸಿ, ಬೆನ್ನು ಗೋಡೆಗೆ ಕೊಟ್ಟು, ಎದೆಗೆ ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದೆ. ಕಾಲಿನ ಹೆಬ್ಬೆರಳು ಎರಡನ್ನೂ ಕೂಡಿಸಿ ದಾರ ಸುತ್ತಿದೆ. ಕೈ ಮಡಿಲಲ್ಲಿಟ್ಟು ಕಟ್ಟಿದೆ. ವಿಭೂತಿ ಬಳಿದೆ, ಹೂ ಹಾಕಿದೆ. ಗದ್ದ ಕಟ್ಟಿದೆ. ಎಷ್ಟು ಹೆಣಗಳಿಗೆ ಮಾಡಿದ್ದೇನೋ ಅದನ್ನೇ ಮಾಡಿದೆ. ಕೈ ತನಗೆ ಗೊತ್ತಿದ್ದ ಬಿಗಿಯಲ್ಲೇ ಮಾಡಿತು. ಅವಳು ಒಂದು ಸಲವೂ ಬಿಗಿಯಾಯಿತು ಎನ್ನಲಿಲ್ಲ.

ಓಣಿಯ ಐದು ಜನ ಹೆಂಗಸರು ಸುತ್ತ ಕೂತರು. ಮಗ್ಗುಲ ಮನೆಯ ನಾಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ, "ಮೊದಲು ಚಾ ಕೊಡತಾರೋ ಅತ್ತ ಮ್ಯಾಲೆ ಕೊಡತಾರೋ?" ಎಂದು ಕಿಸಕ್ಕನೆ ನಕ್ಕಳು. ಕ್ಯಾಮೆರಾ ಗುರ್ ಎಂದಿತು. ನಾನು ಶುರು ಮಾಡಿದೆ.

"ಚಳಿ ಊರಾಗ ಹುಟ್ಟಿದ್ಯಲ್ಲ ಯಕ್ಕಾ, ಮಂದಿ ಹಾಸಿಗಿ ಒಗದಾಕಿ ಹೊಟ್ಟ್ಯಾಗ ಬಂದ್ಯಲ್ಲ. ಅವ್ವನ ಮುಖ ನೋಡದಾಕಿ, ಇಲ್ಲಿಗ್ಯಾಕ ಬಂದ್ಯೇ ಯಕ್ಕಾ, ನಮ್ಮ ಬಿಸಲಾಗ ಯಾಕ ಕುಂತ್ಯೇ..."

ಎರಡು ನುಡಿ ಆಗುವಷ್ಟರಲ್ಲಿ ನಾಗಮ್ಮ ನಿಜವಾಗಿ ಅಳುತ್ತಿದ್ದಳು. ಐದೂ ಜನ ಅಳುತ್ತಿದ್ದರು. ಹೊಳೆಯಲ್ಲಿ ಮುಳುಗಿದ್ದನ್ನು ಹೇಳಿದೆ, ರೈಲಿಗೆ ಬಿದ್ದದ್ದನ್ನು ಹೇಳಿದೆ, ಗೋಡೆಗೋಡೆಯ ಮುಖ ಮಳೆಗೆ ಹರಿದದ್ದನ್ನು ಹೇಳಿದೆ. ಕ್ಯಾಮೆರಾದವನು ಒಂದು ಸುರುಳಿ ಮುಗಿಸಿ ಇನ್ನೊಂದು ಹಾಕಿದ. ಬಾಳು ಮುಗಿಯುತ್ತ ಬಂತು. ದೊರಸಾನಿ ಕಟ್ ಅನ್ನಲಿಲ್ಲ. ಕ್ಯಾಮೆರಾ ನಿಲ್ಲಲಿಲ್ಲ. ಅಳು ಶುರು ಮಾಡಿದವಳು ಹೆಣ ಎತ್ತದೆ ನಿಲ್ಲಿಸಬಾರದು. ನಾನು ಮತ್ತೆ ಹುಟ್ಟಿದಲ್ಲಿಂದ ಹಿಡಿದೆ. ಎರಡನೆಯ ಸಲವೂ ಕಡೆಗೆ ಬಂದೆ. ಹೇಳಲು ಉಳಿದದ್ದು ಆ ಒಂದೇ ಮಾತು.

ಆಗ ಆಕೆಯ ಹಣೆ ನೋಡಿದೆ. ನಾವೆಲ್ಲ ಬೆವರಿನಲ್ಲಿ ತೊಯ್ದಿದ್ದೆವು. ಬೆಳಕಿಂಡಿಯ ಬಿಸಿಲು ನೇರ ಅವಳ ಮೇಲೆ ಇತ್ತು. ಅವಳ ವಿಭೂತಿ ಹಚ್ಚಿದ ಹಾಗೇ ಇತ್ತು, ಒಣಗಿ, ಬೆಳ್ಳಗೆ. ಕಣ್ಣಿನ ರೆಪ್ಪೆಯ ಮೇಲೆ ನೊಣ ಕೂತು ಕಾಲು ಉಜ್ಜುತ್ತಿತ್ತು. ರೆಪ್ಪೆ ಅಲುಗಲಿಲ್ಲ. ಅಳುತ್ತಲೇ ಕೈ ಚಾಚಿ ಪಾದ ಮುಟ್ಟಿದೆ. ಅಂಥ ಬಿಸಿಲಿನಲ್ಲಿ ಪಾದ ತಣ್ಣಗಿತ್ತು, ಬಾವಿಯ ಕಲ್ಲಿನ ಹಾಗೆ. ಆ ತಂಪು ನನಗೆ ಚೆನ್ನಾಗಿ ಗೊತ್ತು.

ಆಗ ಹೊಳೆಯಿತು. ಕಟ್ ಅನ್ನಬೇಕಾದವಳು ಅವಳೊಬ್ಬಳೇ. ಅವಳ ಗದ್ದ ಕಟ್ಟಿದವಳು ನಾನು.

ಮಂಡಿಯ ಮೇಲೆ ತೆವಳಿಕೊಂಡು ಹೋದೆ. ಬಾಯಲ್ಲಿ ಅಳು ನಡೆದೇ ಇತ್ತು. ನೆತ್ತಿಯ ಗಂಟು ಬಿಚ್ಚಿದೆ. ಗದ್ದ ಕೆಳಗೆ ಬಿತ್ತು. ಬಾಯಿ ತೆರೆಯಿತು. ಮಾತು ಬರಲಿಲ್ಲ.

"ಯಾ ಅಲ್ಲಾ!" ಎಂದು ಟೀಚರ್ ಕೂಗಿ, ಮೂಲೆಯ ಕೊಡ ಎತ್ತಿ ಅವಳ ತಲೆಯ ಮೇಲೆ ಸುರಿದಳು.

ದೊರಸಾನಿ ದೊಡ್ಡದಾಗಿ ಉಸಿರೆಳೆದಳು, ಹುಟ್ಟಿದ ಕೂಸು ಎಳೆಯುವ ಹಾಗೆ. ಕಣ್ಣು ಬಿಟ್ಟಳು. ಮೊದಲು ನನ್ನನ್ನು ನೋಡಲಿಲ್ಲ. ಕ್ಯಾಮೆರಾ ನೋಡಲಿಲ್ಲ. ತನ್ನ ಹಿಂದಿನ ಗೋಡೆಯನ್ನು ಕತ್ತು ತಿರುಗಿಸಿ ನೋಡಿದಳು.

ಕಳಿಸೋ ಮಾತು ನಾನು ಹೇಳಿರಲಿಲ್ಲ. ಐದೂ ಜನ ಹೆಂಗಸರನ್ನು ಕೇಳಿದೆ. "ಇಲ್ಲಬೇ, ನೀ ಹೇಳಿಲ್ಲ. ನಾವು ಅದನ್ನೇ ಕಾಯಾಕತ್ತಿದ್ವಿ," ಎಂದಳು ನಾಗಮ್ಮ.

ಮರುದಿನ ಮುಂಜಾನೆ ರಾಯಚೂರಿನ ಲಾಡ್ಜಿಗೆ ಕರೆಸಿದರು. ಸಿನಿಮಾ ಸುರುಳಿಯ ಡಬ್ಬಿಗಳು ಆ ದಿನವೇ ರೈಲಿಗೆ ಹೋಗಬೇಕಿತ್ತು. ದನಿಯವನು ಯಂತ್ರ ಹಾಕಿದ. ನನ್ನ ಅಳು ಕೇಳಿದೆ. ನಮ್ಮ ದನಿ ನಮಗೇ ಕೇಳುವುದು ಅದೇ ಮೊದಲು, ಯಾರೋ ಮುದುಕಿಯ ಹಾಗಿತ್ತು. ಬಾಳು ಒಂದು ಸಲ ಮುಗಿಯಿತು. ಎರಡನೆಯ ಸಲ ಮುಗಿಯಿತು. ಸ್ವಲ್ಪ ಹೊತ್ತು ಕ್ಯಾಮೆರಾದ ಗುರ್ ಮಾತ್ರ. ಆಮೇಲೆ ನನ್ನದೇ ದನಿ, ಸ್ಪಷ್ಟವಾಗಿ, ಅಳು ಇಲ್ಲದೆ, ಬಾಗಿಲಲ್ಲಿ ನಿಂತು ಹೇಳಿದ ಹಾಗೆ:

"ಈ ಮನಿ ನೀರು ತೀರಿತು. ಹಿಂದಕ್ಕ ನೋಡದ ನಡಿ ಯಕ್ಕಾ."

ಟೀಚರ್ ನನ್ನ ಮುಖ ನೋಡಿದಳು. "ಈರಮ್ಮಾ, ಬ್ಯಾಡ ಅಂದಾಕಿ ನೀನೇ ಅಲ್ಲೇನು?"

"ನಾ ಹೇಳಿಲ್ಲ."

"ಇದು ಯಾರ ದನಿ ಮತ್ತ?"

"ದನಿ ನಂದು. ಹೇಳಿದಾಕಿ ನಾನಲ್ಲ."

ದೊರಸಾನಿ ಮೂರು ಸಲ ಹಾಕಿಸಿ ಕೇಳಿದಳು. ಆಮೇಲೆ ಟೀಚರಿಗೆ ಮೆಲ್ಲಗೆ ಏನೋ ಹೇಳಿದಳು. ಟೀಚರ್ ಯಂತ್ರ ನಿಲ್ಲಿಸಲು ಹೇಳಿ ನನ್ನ ಕಡೆ ತಿರುಗಿದಳು.

"ಆಕಿಗೆ ಕೇಳಿಸಿತಂತ. ಎದ್ದು ನಡದೆ ಅಂತಾಳ. ಬಾಗಲ ತನಕ ಹೋದೆ, ಹಿಂದಕ್ಕ ನೋಡಬ್ಯಾಡ ಅಂದ್ರ ನಾನು ನೋಡೇ ನೋಡಾಕಿ ಅಂತಾಳ. ನೋಡಿದ್ರ ಗ್ವಾಡಿಗೆ ಒಬ್ಬಾಕಿ ಕುಂತಿದ್ದಳು, ಗದ್ದ ಕಟ್ಟಿತ್ತು ಅಂತಾಳ."

ನಾನು ದೆವ್ವ ಭೂತ ನಂಬುವವಳಲ್ಲ. ಅಷ್ಟು ಹೆಣ ತೊಳೆದಿದ್ದೇನೆ, ಒಂದೂ ಎದ್ದು ಕೂತಿಲ್ಲ. ಆದರೆ ಮಾಡಿದ ತಪ್ಪಿಗೆ ಮದ್ದು ಮಾಡಬೇಕಲ್ಲ. ನಾನು ಕಳಿಸಿದವಳು ಹೋಗಿಬಿಟ್ಟರೆ ಆ ಸಾವು ನನ್ನ ಕೈಯದು. ಮಾನ್ವಿಯಿಂದ ಅವ್ವನನ್ನು ದೇವದುರ್ಗದ ನಮ್ಮ ಮನೆಗೆ ಕರೆಸಿದೆ. ಅವ್ವ ಬಂದವಳೇ ದೊರಸಾನಿಯನ್ನು ಅಂಗಳದ ತಿಪ್ಪೆಯ ಹತ್ತಿರ ಎಳೆದುಕೊಂಡು ಹೋಗಿ, ಅದರ ಮೇಲೆ ಒಂದು ಸಲ ಕೂರಿಸಿ ಎಬ್ಬಿಸಿದಳು. ಒಂದರ ಹಿಂದೆ ಒಂದು ಮಕ್ಕಳು ಸಾಯುವ ಮನೆಯಲ್ಲಿ ಹಾಗೆ ಮಾಡುತ್ತಾರೆ. ತಿಪ್ಪೆಗೆ ಎಸೆದದ್ದನ್ನು ಸಾವು ಮುಟ್ಟುವುದಿಲ್ಲ. ಅರಿಶಿನ ನೀರು ಹಾಕಿದೆವು. ನಾಲಿಗೆಗೆ ಬೆಲ್ಲ ಮುಟ್ಟಿಸಿದೆವು. ತೊಟ್ಟಿಲಲ್ಲಿ ಹಿಡಿಸದ ಮೈಯಾದ್ದರಿಂದ ಅವಳ ಟೊಪ್ಪಿಗೆಯನ್ನು ತೊಟ್ಟಿಲಿಗೆ ಹಾಕಿ ತೂಗಿದೆವು. ನಾನು ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದೆ: ತಿಪ್ಪವ್ವ. ಹೆಸರು ಹೇಳಿದವಳ ಬೆನ್ನಿಗೆ ಗುದ್ದುವುದು ಪದ್ಧತಿ. ನಾಗಮ್ಮ ಹಳೆಯ ಸಿಟ್ಟೆಲ್ಲ ತೀರಿಸಿಕೊಂಡಳು.

ದೊರಸಾನಿ ನಗುತ್ತಲೇ ಎಲ್ಲ ಮಾಡಿಸಿಕೊಂಡಳು. ಹಳೆಯ ಹೆಸರು ಬಿಡಬೇಕು ಎಂದಾಗ ನಗು ನಿಂತಿತು.

"ಹೆಸರು ಬಿಟ್ರ ನಾನು ಯಾರು ಅಂತ ಕೇಳಾಕತ್ತಾಳ," ಎಂದಳು ಟೀಚರ್. "ಮೂವತ್ತು ವರ್ಷದಿಂದ ಆ ಹೆಸರಿನ ಮ್ಯಾಲೇ ಉಂಡೀನಿ ಅಂತಾಳ."

ಅವ್ವ ಅವಳ ಗದ್ದ ಹಿಡಿದು ಮುಖ ಎತ್ತಿದಳು. "ಉಂಡಾಕಿ ಗ್ವಾಡಿಗೆ ಕುಂತಾಳ. ನೀ ಬ್ಯಾರೆ."

ಇದನ್ನು ಟೀಚರ್ ಹೇಗೆ ದಾಟಿಸಿದಳೋ ಗೊತ್ತಿಲ್ಲ. ದೊರಸಾನಿ ಆ ವಾರವೇ ಹೋದಳು. ಹೋಗುವಾಗ ಜೀಪಿನಿಂದ ಹಿಂದಿರುಗಿ ನೋಡಲಿಲ್ಲ.

ಒಂದು ವರ್ಷ ನನಗೆ ಊಟ ರುಚಿಸಲಿಲ್ಲ. ಹಾಗಂತ ಯಾರ ಮುಂದೆಯೂ ಹೇಳಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಟೀಚರ್ ದೇವದುರ್ಗಕ್ಕೇ ಬಂದಳು, ಕೈಯಲ್ಲಿ ಪರದೇಶದ ಕಾಗದ. ಒಂದೇ ಸಾಲು ಇತ್ತು. ಕೆಳಗೆ ಇಂಗ್ಲಿಷಿನ ಅಕ್ಷರದಲ್ಲಿ ತಿಪ್ಪವ್ವ ಎಂದು ಸಹಿ.

"ಏನು ಬರದಾಳ?"

"ನನಗ ಒಂದು ವರ್ಷ ಆತು. ನಡಿಯಾಕತ್ತೀನಿ."

ಆಮೇಲೆ ಪ್ರತಿ ಬೇಸಿಗೆಗೆ ಒಂದು. ಎರಡು ವರ್ಷ, ಮಾತು ಕಲಿಯಾಕತ್ತೀನಿ. ಮೂರು ವರ್ಷ, ಕತ್ತಲಂದ್ರ ಅಂಜಿಕಿ. ಐದು ವರ್ಷ, ಹೊಸ ಊರಾಗ ಅದೀನಿ, ಇಲ್ಲಿ ಯಾರೂ ನನ್ನ ಗುರುತು ಹಿಡಿಯಂಗಿಲ್ಲ. ಕಡೆಯದು ಏಳನೆಯ ವರ್ಷದ್ದು: ಹಲ್ಲು ಬೀಳಾಕತ್ತಾವ. ಅದಾದ ಮೇಲೆ ಬರಲಿಲ್ಲ. ನಾವು ಅಷ್ಟರಲ್ಲಿ ರಾಯಚೂರಿಗೆ ಬಂದಿದ್ದೆವು. ಟೀಚರ್ ನಿವೃತ್ತಿಯಾಗಿ ಮಗಳ ಹತ್ತಿರ ಹೈದರಾಬಾದಿಗೆ ಹೋಗುವಾಗ ಕಾಗದಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ನನಗೆ ಕೊಟ್ಟಳು. "ನಿನ್ನ ತಂಗಿ ಕಾಗದ ನಿನ್ನ ಹತ್ರಾನೇ ಇರಲಿ. ನನ್ನ ಮನ್ಯಾಗ ಬ್ಯಾಡ," ಎಂದಳು. ಯಾರಿಗೆ ಅಕ್ಕ ಎಂದು ಅತ್ತಿದ್ದೆನೋ ಅವಳು ಯಾವಾಗ ತಂಗಿ ಆದಳು ಎಂದು ನಾನೂ ಕೇಳಲಿಲ್ಲ.

ಹೋದ ತಿಂಗಳು ದೇವದುರ್ಗದ ಮಣ್ಣು ಮುಗಿಸಿ ಬಂದ ಮರುದಿನ ಡಬ್ಬಿ ತೆಗೆದೆ. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುವ ಮೊಮ್ಮಗಳು ಭೂಮಿಕಾ ಪಕ್ಕ ಕೂತಳು. ಎರಡನೆಯ ವರ್ಷದ ಕಾಗದದ ಲಕೋಟೆಯಲ್ಲಿ ಮಡಚಿದ ಪೇಪರಿನ ತುಂಡೊಂದಿತ್ತು. ಟೀಚರ್ ಅದನ್ನು ನನಗೆ ಯಾವತ್ತೂ ತೋರಿಸಿರಲಿಲ್ಲ. ಅದರಲ್ಲಿ ಒಂದು ಪಟ: ಬೆಳಕಿಂಡಿಯ ಬಿಸಿಲು, ಗೋಡೆಗೆ ಕೂತ ಹೆಂಗಸು, ನಾನು ಹಾಕಿದ ಗಂಟು. ಭೂಮಿಕಾ ಫೋನನ್ನು ಅದರ ಮೇಲೆ ಹಿಡಿದಳು. ಫ್ರಾನ್ಸಿನವರ ಆ ಭಾಷೆ ಹಾಗೆ ಹಿಡಿದರೆ ಇಂಗ್ಲಿಷಾಗುತ್ತದಂತೆ.

"ಅಜ್ಜಿ, ಈಕಿ ಸತ್ತಾಳಂತ. ಇಂಡಿಯಾದಾಗ ಸಿನಿಮಾ ತೆಗಿಯುವಾಗ ತೀರಿಕೊಂಡ ನಟಿ ಅಂತ ಬರದಾರ. ಇದು ಆಕಿದು ಕಡೇ ಸಿನಿಮಾ ಅಂತ." ಅವಳು ಲಕೋಟೆ ತಿರುಗಿಸಿ ನೋಡಿದಳು. "ಮತ್ತ ಇದರಾಗೇ ಮಾತು ಕಲಿಯಾಕತ್ತೀನಿ ಅಂತ ಬರದಾರ. ಬರದಾಕಿ ಯಾರು?"

"ತಿಪ್ಪವ್ವ."

"ಸತ್ತಾಕಿ?"

ಮಧ್ಯಾಹ್ನ ಹನ್ನೆರಡು ದಾಟಿತ್ತು. ಬೀದಿ ಖಾಲಿ. ಭೂಮಿಕಾ ಪಟದ ಕೆಳಗಿನ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ದೊಡ್ಡ ದನಿಯಲ್ಲಿ ಆ ಹೆಸರನ್ನು ಕೂಡಿಸಿ ಓದಲು ಬಾಯಿ ತೆರೆದಳು. ಮೊದಲ ಅಕ್ಷರ ಹೊರಗೆ ಬಂದೇಬಿಟ್ಟಿತು.

ನನ್ನ ಕೈ ತಾನಾಗಿ ಹೋಗಿ ಅವಳ ಗದ್ದವನ್ನು ಕೆಳಗಿನಿಂದ ಒತ್ತಿ ಬಾಯಿ ಮುಚ್ಚಿತು. ಈ ಸಲ ಒಂದು ಗಳಿಗೆಯೂ ನಿಲ್ಲಲಿಲ್ಲ.

"ಯಾಕಬೇ ಅಜ್ಜಿ?" ಎಂದಳು ಅವಳು, ಕೈ ಬಿಡಿಸಿಕೊಂಡು.

"ಸತ್ತಾಕಿ ಓ ಅಂದ್ರ ಯಾರು ಹೋಗಿ ಬಾಗಲ ತೆಗೀಬೇಕು?" ಎಂದೆ.